ಟೇಪಿನ ಇನ್ನೊಂದು ತುದಿ

ಒಬ್ಬನೇ ಮನೆ ರಿಪೇರಿಗೆ ಇಳಿದವನಿಗೆ ಮೊದಲ ದಿನವೇ ತಿಳಿಯುವ ಸಂಗತಿಯೆಂದರೆ, ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲ ಎನ್ನುವುದು. ಈ ಮೂಲೆಗೆ ಒಂದು ಮೊಳೆ ಹೊಡೆದು, ಅದಕ್ಕೆ ಟೇಪಿನ ಕೊಕ್ಕೆ ಸಿಕ್ಕಿಸಿ ಆ ಮೂಲೆಗೆ ಹೋಗುವಷ್ಟರಲ್ಲಿ ಮೊಳೆ ಕಿತ್ತು ಬಂದಿರುತ್ತದೆ. ಮಣ್ಣಿನ ಗೋಡೆಯಲ್ಲವೇ. ಟೇಪು ಸರ್ರನೆ ಡಬ್ಬಿಗೆ ಓಡಿಬಂದು ಹೆಬ್ಬೆರಳಿಗೆ ಬಡಿಯುತ್ತದೆ. ನಾನು ಮೊಳೆಯನ್ನು ಬೈದೆ, ಗೋಡೆಯನ್ನು ಬೈದೆ, ಕೊನೆಗೆ ನನ್ನನ್ನೇ ಬೈದುಕೊಂಡು ಕಟ್ಟೆಯ ಮೇಲೆ ಕೂತು ಚಹಾ ಕಾಸಿದೆ. ಅಭ್ಯಾಸಬಲದಿಂದ ಒಂದು ಲೋಟಕ್ಕಿಂತ ಹೆಚ್ಚು ನೀರಿಟ್ಟಿರಲಿಲ್ಲ.

ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು. ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಮುಂದೆ ನೋಡೋಣ, ಮುಂದೆ ನೋಡೋಣ ಎನ್ನುತ್ತ ಹೋದೆ, ಕೇಳುವವರು ಕೇಳುವುದನ್ನು ಬಿಟ್ಟರು. ಹರಿಹರದ ಹೊಳೆಯ ಹತ್ತಿರದ ಖಾನಾವಳಿಯಲ್ಲಿ ಊಟ, ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ರೂಮು, ಎರಡರ ನಡುವೆ ದಿನಾ ಬಸ್ಸು. ಕೆಲಸದಲ್ಲಿ ಮಾತ್ರ ನನ್ನನ್ನು ಯಾರೂ ಮೀರಿಸುತ್ತಿರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಿಂದಲೇ ಹೇಳುತ್ತಿದ್ದೆ. ಬೇರೆಯವರು ಅಳೆದದ್ದನ್ನು ಇನ್ನೊಮ್ಮೆ ಅಳೆಯದೆ ನಂಬುತ್ತಿರಲಿಲ್ಲ. ಅದನ್ನು ಗುಣ ಎಂದೇ ತಿಳಿದಿದ್ದೆ, ಸಾಹೇಬರೂ ಹಾಗೇ ಹೇಳುತ್ತಿದ್ದರು.

ನಿವೃತ್ತನಾದ ಮೇಲೆ ನಿಟ್ಟುವಳ್ಳಿಯ ರೂಮಿನ ಕಿಟಕಿಯಲ್ಲಿ ಕೂತು ಆಟೋಗಳನ್ನು ನೋಡುವುದು ಆರು ತಿಂಗಳಿಗೇ ಸಾಕಾಯಿತು. ಆನಗೋಡಿನ ಆಚೆ ನಮ್ಮ ಹೊಲದಲ್ಲಿ ಒಂದು ಹಳೆಯ ಮಾಳಿಗೆ ಮನೆಯಿತ್ತು, ನನ್ನ ಪಾಲಿಗೆ ಬಂದದ್ದು. ಅಪ್ಪ ಹೋದಮೇಲೆ ಬೀಗ ಹಾಕಿದ್ದೇ ಹಾಕಿದ್ದು. ಕಲ್ಲುಮಣ್ಣಿನ ದಪ್ಪ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒಂದು ಮೊಳ ಮಣ್ಣು. ಅಂಥ ಮಣ್ಣಿನ ಚಾವಣಿಗೇ ನಮ್ಮ ಕಡೆ ಮಾಳಿಗೆ ಎನ್ನುವುದು. ಒಳಗೆ ಹೋದರೆ ಎಡಕ್ಕೆ ಎತ್ತಿನ ಗೋದಲಿ, ಬಲಕ್ಕೆ ಪಡಸಾಲೆ. ಯಾರನ್ನೂ ಕೂಲಿಗೆ ಕರೆಯದೆ ಇದನ್ನೆಲ್ಲ ನಾನೇ ಕೈಯಾರೆ ಸರಿಮಾಡಿ ಅಲ್ಲೇ ಇದ್ದುಬಿಡುತ್ತೇನೆ ಎಂದು ಬೀಗ ತೆಗೆದೆ.

ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು ಮನೆಯಲ್ಲ. ಹೊಲದ ನಡುವೆ ಒಂದು ಬದುವಿದೆ. ಬದುವಿನಾಚೆ ನನ್ನ ತಮ್ಮನ ಪಾಲು. ಅವನು ಆನಗೋಡಿನಲ್ಲಿರುವ ಊರಮನೆಯಿಂದ ದಿನಾ ಹೊಲಕ್ಕೆ ಬರುತ್ತಾನೆ, ದುಡಿಯುತ್ತಾನೆ, ಹೋಗುತ್ತಾನೆ. ಕೂಗಿದರೆ ಕೇಳುವ ದೂರ. ಅವನು ನನ್ನ ಹತ್ತಿರ ಮಾತು ಬಿಟ್ಟು ಆರು ವರ್ಷವಾಗಿತ್ತು. ಮನೆಯೊಂದು ನಿಂತರೆ, ಒಲೆ ಹತ್ತಿದರೆ, ಒಂದು ದಿನ ಬದು ದಾಟಿ ಬಂದು ಪಡಸಾಲೆಯಲ್ಲಿ ಕೂತಾನು ಎಂಬ ಆಸೆ ನನಗೆ. ಈ ಆಸೆಯನ್ನು ಆಗ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ, ಏಕೆಂದರೆ ತಪ್ಪು ಅವನದೇ ಎಂದು ನಂಬಿದ್ದೆ.

ಆದದ್ದು ಇಷ್ಟು. ಅಪ್ಪ ಹೋದ ಮೇಲೆ ಹೊಲ ಎರಡು ಪಾಲಾಯಿತು. ನಾನು ಡ್ಯೂಟಿಯಲ್ಲಿದ್ದೆ, ತಮ್ಮ ಊರಿನ ನಾಲ್ಕು ಹಿರಿಯರನ್ನು ಕೂಡಿಸಿಕೊಂಡು ನಡುವೆ ಬದು ಹಾಕಿದ. ನಕ್ಷೆಯ ಪ್ರಕಾರ ಒಬ್ಬೊಬ್ಬರಿಗೆ ಅಗಲದಲ್ಲಿ ಇನ್ನೂರ ತೊಂಬತ್ತೇಳು ಅಡಿ. ನಾನು ಭಾನುವಾರ ಬಂದವನೇ ಕಾರ್ಖಾನೆ ಕೆಲಸದ ನನ್ನ ನೂರಡಿಯ ಉದ್ದ ಟೇಪು ಬಿಚ್ಚಿದೆ. ಅದೇ ಹಿರಿಯರು ನೋಡುತ್ತ ನಿಂತಿದ್ದರು. ಟೇಪಿನ ತುದಿಯ ಹಿತ್ತಾಳೆ ಉಂಗುರವನ್ನು ತಮ್ಮನ ಕೈಗೆ ಕೊಟ್ಟು, ಅವನ ಹೊಲದ ಅಂಚಿನ ಕಲ್ಲಿಗೆ ಹಿಡಿಯಲು ಹೇಳಿ ನಾನು ಈ ಕಡೆ ನಡೆದೆ.

"ಹಿಡ್ದೀಯೇನೋ?" ಎಂದು ಕೂಗಿದೆ.

"ಹಿಡ್ದೀನಣ್ಣಾ" ಎಂದ.

ನೂರಕ್ಕೆ ಒಂದು ಗೂಟ ಹೊಡೆದೆ. ಅವನು ಬಂದು ಆ ಗೂಟಕ್ಕೆ ಉಂಗುರ ಹಿಡಿದ. ಇನ್ನೊಂದು ನೂರು, ಇನ್ನೊಂದು ಗೂಟ. ಮೂರನೆಯ ನೂರಕ್ಕೆ ಸರಿಯಾಗಿ ಬದು ಬಂತು. ಮುನ್ನೂರು. ಇನ್ನೂರ ತೊಂಬತ್ತೇಳಲ್ಲ. ನಾನು ಟೇಪಿನಿಂದ ತಲೆ ಎತ್ತದೆ, ಹಿರಿಯರಿಗೆ ಕೇಳುವ ಹಾಗೆ, "ಮೂರಡಿ ತಿಂದಾನೆ" ಎಂದೆ. ಅಳತೆ ಹೇಳುವ ದನಿಯಲ್ಲೇ ಹೇಳಿದೆ. ಕಾರ್ಖಾನೆಯಲ್ಲಿ ಎಷ್ಟೋ ಕಬ್ಬಿಣದ ತುಂಡುಗಳನ್ನು ಅದೇ ದನಿಯಲ್ಲಿ ರಿಜೆಕ್ಟ್ ಮಾಡಿದ್ದೆ.

ತಮ್ಮ ಉಂಗುರವನ್ನು ನೆಲಕ್ಕೆ ಎಸೆಯಲಿಲ್ಲ. ನಡೆದುಬಂದು ನನ್ನ ಕೈಯಲ್ಲಿಟ್ಟು ಹೋದ. ಮರುದಿನ ಬೆಳಗ್ಗೆಯಿಂದಲೇ ಗುದ್ದಲಿ ಹಿಡಿದು ಆ ಬದುವನ್ನು ಮೂರಡಿ ತನ್ನ ಕಡೆಗೆ ಸರಿಸಿ ಕಟ್ಟಿದನಂತೆ, ಒಬ್ಬನೇ, ಒಂಬತ್ತು ದಿನ. ಆಮೇಲೆ ಮಾತಿಲ್ಲ. ನನಗೂ ಮೂಗಿನ ತುದಿಯಲ್ಲಿ ಕೋಪ. ಇದ್ದದ್ದು ಹೇಳಿದ್ದಕ್ಕೆ ಇಷ್ಟು ಸಿಟ್ಟೇ ಎಂದುಕೊಂಡು ನನ್ನ ಪಾಲಿನ ಹೊಲವನ್ನು ಬೇರೆಯವರಿಗೆ ಮಾಡಲು ಕೊಟ್ಟು ದಾವಣಗೆರೆಯ ರೂಮಿನಲ್ಲೇ ಇದ್ದುಬಿಟ್ಟೆ.

ಇರಲಿ, ಮನೆಯ ಮಾತಿಗೆ ಬರುತ್ತೇನೆ. ಮೊದಲು ಕೈ ಹಚ್ಚಿದ್ದು ಮುಂಬಾಗಿಲಿಗೆ. ಹರಿಹರದ ಗುಜರಿಯಲ್ಲಿ ಒಳ್ಳೆಯ ಸಾಗುವಾನಿ ಬಾಗಿಲೊಂದು ಸಿಕ್ಕಿತ್ತು, ಚೌಕಟ್ಟಿನ ಸಮೇತ. ಹಳೆಯ ಚೌಕಟ್ಟನ್ನು ಕಿತ್ತು, ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು, ನಾಲ್ಕು ದಿನ ಹೆಣಗಿ ಹೊಸದನ್ನು ಕೂರಿಸಿದೆ. ಚೌಕಟ್ಟು ಕಂಬದ ಹಾಗೆ ನೆಟ್ಟಗೆ ನಿಂತಿತು. ಗೋಡೆ ಮಾತ್ರ ಎಪ್ಪತ್ತು ವರ್ಷದಿಂದ ಪಡುವಣಕ್ಕೆ ಸ್ವಲ್ಪ ವಾಲಿಕೊಂಡೇ ಇತ್ತು. ಮೊದಲ ಮಳೆಗೆ ಅದು ನೆನೆದು ತನ್ನ ಹಳೆಯ ಓರೆಗೇ ಮರಳಿತು, ಹೋಗುವಾಗ ನನ್ನ ಚೌಕಟ್ಟನ್ನೂ ಜೊತೆಗೆ ಎಳೆದುಕೊಂಡಿತು. ಅಂದಿನಿಂದ ಚಿಲಕ ಹಾಕದಿದ್ದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಮೊದಮೊದಲು ಯಾರೋ ಬಂದರು ಎಂದು ಎದ್ದು ನೋಡುತ್ತಿದ್ದೆ.

ಎರಡನೆಯ ಅಧಿಕಪ್ರಸಂಗ ಮಾಳಿಗೆಯ ಮೇಲೆ. ಬೇಸಿಗೆಯಲ್ಲಿ ಏಣಿ ಹಾಕಿ ಹತ್ತಿ ನೋಡಿದರೆ ಮಣ್ಣು ಅಲ್ಲಲ್ಲಿ ಬಿರಿದಿತ್ತು. ದಾವಣಗೆರೆಯ ಮಂಡಿಪೇಟೆಯಿಂದ ಸಿಮೆಂಟು ತಂದು ಇಡೀ ಮಾಳಿಗೆಗೆ ಗಿಲಾವು ಮಾಡಿಬಿಟ್ಟೆ. ಹನ್ನೊಂದು ದಿನದ ಕೆಲಸ. ಕೆಳಗೆ ಕಲಸುವವನೂ ನಾನೇ, ಬಾವಿಯ ಹಳೆಯ ಗಡಗಡೆಗೆ ಹಗ್ಗ ಕಟ್ಟಿ ಪುಟ್ಟಿ ಎಳೆಯುವವನೂ ನಾನೇ, ಏಣಿ ಹತ್ತಿ ಮೇಲೆ ಹೋಗಿ ಅದನ್ನು ಬಿಡಿಸಿಕೊಳ್ಳುವವನೂ ನಾನೇ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿದೆನೋ, ಮಂಡಿ ಈಗಲೂ ಹೇಳುತ್ತದೆ. ಮೇಲಿಂದ ನೋಡಿದರೆ ತಮ್ಮ ತನ್ನ ಹೊಲದಲ್ಲಿ ಗೊಬ್ಬರ ಚೆಲ್ಲುತ್ತಿದ್ದ. ಅವನೂ ಒಬ್ಬನೇ, ನಾನೂ ಒಬ್ಬನೇ. ಅವನು ಒಮ್ಮೆಯೂ ಈ ಕಡೆ ಕತ್ತು ತಿರುಗಿಸಲಿಲ್ಲ, ಅಥವಾ ನಾನು ನೋಡುವಾಗ ತಿರುಗಿಸಲಿಲ್ಲ.

ಸಿಮೆಂಟು ಬಿಸಿಲಿಗೆ ಬಿರಿಯಿತು. ಮುಂಗಾರಿನ ಮಳೆ ಆ ಬಿರುಕುಗಳಲ್ಲಿ ಇಳಿದು, ಆರಲು ದಾರಿಯಿಲ್ಲದೆ ಮಣ್ಣಿನಲ್ಲೇ ನಿಂತು, ಏಳು ಕಡೆ ಸೋರಿತು. ಮನೆಯಲ್ಲಿದ್ದ ಪಾತ್ರೆಯೇ ಐದು. ಉಳಿದ ಎರಡು ಕಡೆ ನನ್ನ ಹೆಲ್ಮೆಟ್ಟು ಮತ್ತು ಚಹಾದ ಲೋಟ ಇಟ್ಟೆ. ಮಳೆ ನಿಂತ ಮೇಲೆ ಹಾಕಿದ ಸಿಮೆಂಟನ್ನೆಲ್ಲ ಉಳಿ ಸುತ್ತಿಗೆಯಿಂದ ಎಬ್ಬಿಸತೊಡಗಿದೆ. ನಾಚಿಕೆಯಾಗುತ್ತಿತ್ತು, ಆ ಸದ್ದು ಬದುವಿನಾಚೆಗೂ ಕೇಳುತ್ತಿರಬೇಕು.

ಎಬ್ಬಿಸಿ ಮುಗಿದ ಮರುದಿನ ಏನೋ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದೆ. ಮಧ್ಯಾಹ್ನ ವಾಪಸು ಬಂದರೆ ಮನೆಯ ಗೋಡೆಗೆ ಒತ್ತಿ ಒಂದು ಟ್ರ್ಯಾಕ್ಟರ್ ಲೋಡು ಮಣ್ಣು ಸುರಿದಿತ್ತು. ಬೂದಿ ಬಣ್ಣದ ಸೌಳು ಮಣ್ಣು. ಮಾಳಿಗೆಗೆ ಅದೇ ಆಗಬೇಕು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಒಂದು ಪದರ ಹರಡಿ ಬಡಿದರೆ ಹನಿ ನೀರು ಇಳಿಯುವುದಿಲ್ಲ. ಅಪ್ಪ ಕೆಳಗಿನಿಂದ ಪುಟ್ಟಿ ಎತ್ತಿಕೊಡುತ್ತಿದ್ದ, ನಾವಿಬ್ಬರೂ ಮೇಲೆ ನಿಂತು ಬಡಿಯುತ್ತಿದ್ದೆವು. ಮೂವತ್ತನಾಲ್ಕು ವರ್ಷ ಕಬ್ಬಿಣ ಮುಟ್ಟಿ ನಾನು ಅದನ್ನು ಮರೆತುಬಿಟ್ಟಿದ್ದೆ. ಟ್ರ್ಯಾಕ್ಟರಿನ ಗಾಲಿಯ ಗುರುತು ಬಂಡಿದಾರಿ ಹಿಡಿದು ತಮ್ಮನ ಹೊಲಕ್ಕೆ ಹೋಗಿತ್ತು. ತಮ್ಮ ಆಗಲೇ ಊರಿಗೆ ಹೋಗಿಬಿಟ್ಟಿದ್ದ.

ಆ ಮಣ್ಣಿನ ವಿಷಯ ಗೊತ್ತಾದದ್ದು ಆನಗೋಡಿನ ಟೇಲರ್ ಅಂಗಡಿಯಲ್ಲಿ. ನಾನು ಹರಿದ ತಾಡಪಾಲು ಹೊಲಿಸಲು ಹೋಗಿದ್ದೆ. ತಮ್ಮನ ಹೆಂಡತಿ ಅಲ್ಲಿ ನಿಂತಿದ್ದಳು, ಕೈಯಲ್ಲಿ ಹೊಸ ಬಟ್ಟೆ, ಒಂದು ಹಳೆಯ ಅಂಗಿ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಟೇಲರು ಅವಳಿಗೆ ಹೇಳುತ್ತಿದ್ದ:

"ಹಳೇ ಅಂಗಿ ಬ್ಯಾಡ್ರೀ ಅಕ್ಕಾರೆ. ಅವ್ರನ್ನೇ ಕರ್ಕಂಡ್ ಬರ್ರಿ, ಎರಡು ನಿಮಿಷ ಅಳತೆ ತಗೊಂತೀನಿ."

"ಅವ್ರು ಬರಾದಿಲ್ಲ" ಎಂದಳು. "ಟೇಪು ಕಂಡ್ರೇ ಆಗಾದಿಲ್ಲ ಅವ್ರಿಗೆ. ಆರು ವರ್ಷ ಆತು, ಇದೇ ಅಂಗಿ ನೋಡಿ ಹೊಲಿತಾ ಬಂದೀಯಲ್ಲ, ಹಂಗೇ ಹೊಲಿ."

ಹೊರಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ:

"ಮಣ್ಣು ಕಳಿಸಿದ್ದು ಅವನೇ ಏನವ್ವಾ?"

"ಹೂಂ ಭಾವಾರೆ. ಮಾಳಿಗಿಗೆ ಯಾರಾದ್ರೂ ಸಿಮೆಂಟ್ ಬಳೀತಾರೇನು ಅಂತ ಎರಡು ದಿನ ಒದ್ದಾಡಿದ್ರು."

"ಮತ್ತೆ ಬಂದು ಒಂದು ಮಾತು ಹೇಳಬಾರದಾ?"

ಅವಳು ನನ್ನ ಮುಖ ನೋಡದೆ ಹೇಳಿದಳು: "ಆ ಮಣ್ಣು ನಿಮಗಲ್ಲಂತೆ. ಮಾಳಿಗಿಗಂತೆ."

ಆ ವಾರ ನಾನೊಬ್ಬನೇ ಮಣ್ಣು ಏರಿಸಿ, ಹರಡಿ, ಬಡಿದೆ. ಸೋರುವುದು ನಿಂತಿತು. ಆಮೇಲೆ ಪಡಸಾಲೆಗೆ ಕಡಪ ಕಲ್ಲು ಹಾಸುವ ಕೆಲಸ. ನೆಲದ ಮಟ್ಟ ನೋಡಲು ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಬೇಕು. ಒಂದು ತುದಿ ಒಬ್ಬ, ಇನ್ನೊಂದು ತುದಿ ಇನ್ನೊಬ್ಬ ಹಿಡಿದು, ನೀರು ಗುರುತಿಗೆ ಬಂತೋ ಇಲ್ಲವೋ ಎಂದು ಕೂಗಿ ಹೇಳಬೇಕು. ನಾನು ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಈ ತುದಿಯಿಂದ ಆ ತುದಿಗೆ ಓಡಾಡಿ ನೋಡುತ್ತಿದ್ದೆ. ಒಂದು ದಿನ ನನಗೆ ಗೊತ್ತಿಲ್ಲದೆ "ಹಿಡ್ದೀಯೇನೋ?" ಎಂದು ಗಟ್ಟಿಯಾಗಿ ಕೇಳಿದೆ. ಖಾಲಿ ಪಡಸಾಲೆಯಲ್ಲಿ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಅಂದು ಕೆಲಸ ಅಲ್ಲಿಗೇ ಬಿಟ್ಟೆ. ಅಳು ಬಂತೆಂದು ಹೇಳಲು ಸಂಕೋಚವೇನಿಲ್ಲ, ಅತ್ತುಬಿಟ್ಟೆ.

ಆಷಾಢದ ಗಾಳಿ ಶುರುವಾದಾಗ ಮನೆ ಮುಂದೆ ತಗಡಿನ ಚಪ್ಪರ ಹಾಕಬೇಕೆಂದು ಮಂಡಿಪೇಟೆಯಿಂದ ಆರು ಕಬ್ಬಿಣದ ಪೈಪು ತರಿಸಿದೆ. ಗೂಡ್ಸ್ ಆಟೋದವನು ಇಳಿಸಿ ಹೋದ. ಅಳೆದು ಕತ್ತರಿಸಬೇಕು. ನನ್ನ ಸ್ಟೀಲ್ ಟೇಪು ಹದಿನಾರೇ ಅಡಿಯದು. ಹಾಗಾಗಿ ಟ್ರಂಕಿನ ತಳದಿಂದ ಆ ಉದ್ದ ಟೇಪು ತೆಗೆದೆ. ಬದು ಅಳೆದ ದಿನ ಸುತ್ತಿಟ್ಟದ್ದನ್ನು ಮತ್ತೆ ಬಿಚ್ಚಿರಲಿಲ್ಲ. ಉಂಗುರವನ್ನು ಪೈಪಿನ ಒಂದು ತುದಿಗೆ ತಂತಿಯಿಂದ ಕಟ್ಟಿ, ಇನ್ನೊಂದು ತುದಿಗೆ ಹೋಗಿ ಓದಿದೆ. ಇಪ್ಪತ್ತೊಂದು ಅಡಿ.

ಅಂಗಡಿಯಲ್ಲಿ ಈ ಪೈಪು ಇಪ್ಪತ್ತಡಿಯೇ ಬರುವುದು. ಒಂದಂಗುಲ ಆಚೀಚೆ ಆಗಬಹುದು, ಒಂದಡಿ ಆಗುವುದಿಲ್ಲ. ಇನ್ನೊಂದು ಅಳೆದೆ, ಇಪ್ಪತ್ತೊಂದು. ಆರನ್ನೂ ಅಳೆದೆ, ಆರೂ ಇಪ್ಪತ್ತೊಂದು. ಸ್ಟೀಲ್ ಟೇಪು ತಂದು ಎರಡು ಭಾಗ ಮಾಡಿ ಅಳೆದರೆ ಸರಿಯಾಗಿ ಇಪ್ಪತ್ತು. ಆಗ ಹೋಗಿ ತಂತಿ ಬಿಚ್ಚಿ ಉಂಗುರವನ್ನು ಕೈಗೆ ತೆಗೆದುಕೊಂಡೆ.

ಉಂಗುರವನ್ನು ಟೇಪಿನ ಪಟ್ಟಿಗೆ ಎರಡು ತಾಮ್ರದ ರಿವೆಟ್ ಹೊಡೆದು ಕೂರಿಸಿತ್ತು. ತಲೆ ಉಜ್ಜಿ ನುಣುಪು ಮಾಡಿದ, ಅಂಚಿಲ್ಲದ ರಿವೆಟ್. ಅದು ನನ್ನ ಕೈಕೆಲಸ. ನೋಡಿದ ಕೂಡಲೇ ಗುರುತಾಯಿತು, ತನ್ನ ಅಕ್ಷರ ತನಗೆ ಗುರುತಾಗುವ ಹಾಗೆ. ಯಾವಾಗಲೋ ಕಾರ್ಖಾನೆಯಲ್ಲಿ ಟೇಪಿನ ತುದಿ ಹರಿದು ಜೂಲಾಗಿತ್ತು. ಒಳ್ಳೆಯ ಟೇಪು ಬಿಸಾಡುವುದೇಕೆ ಎಂದು ಮೊದಲಿನ ಒಂದಡಿಯನ್ನು ಕತ್ತರಿಸಿ ಉಂಗುರವನ್ನು ಮತ್ತೆ ಹಾಕಿದ್ದೆ. ಪ್ರತಿ ಸಲ ಓದಿದ್ದರಲ್ಲಿ ಒಂದಡಿ ಕಳೆಯಬೇಕು ಎಂದು ಡಬ್ಬಿಯ ಮೇಲೆ ಇಂಕಿನಲ್ಲಿ ಬರೆದೂ ಇದ್ದೆ. ಕೈಬೆವರಿಗೆ ಅದು ಎಂದೋ ಅಳಿಸಿಹೋಗಿತ್ತು, ನನ್ನ ತಲೆಯಿಂದಲೂ.

ಅಂದು ಮೂರು ಸಲ ನೂರು ಎಂದು ಓದಿದ್ದೆ. ಮೂರೂ ಸಲ ಅದು ತೊಂಬತ್ತೊಂಬತ್ತು. ತಮ್ಮ ಹಾಕಿದ ಬದು ಇನ್ನೂರ ತೊಂಬತ್ತೇಳಕ್ಕೇ ಇತ್ತು, ಒಂದಂಗುಲವೂ ಆಚೀಚೆ ಇಲ್ಲದೆ.

ನಾನು ಪೈಪುಗಳ ನಡುವೆ ನೆಲದ ಮೇಲೆ ಕೂತೆ. ತಿಂದವನು ನಾನು. ಅವನ ಕೈಯಿಂದಲೇ ತುದಿ ಹಿಡಿಸಿ, ಅವನ ಕೈಯಿಂದಲೇ ಅಗೆಸಿ ತಿಂದಿದ್ದೆ.

ನಾಲ್ಕು ದಿನ ಬದುವಿನ ಕಡೆ ಹೋಗುವ ಧೈರ್ಯವಾಗಲಿಲ್ಲ. ಐದನೆಯ ದಿನ ಬೆಳಗ್ಗೆ ಟೇಪು ಹಿಡಿದು ಹೋಗಿ ಬದುವಿನ ಮೇಲೆ ನಿಂತೆ. ತಮ್ಮ ಮೆಕ್ಕೆಜೋಳದ ಸಾಲಿನಲ್ಲಿ ಎಡೆಕುಂಟೆ ಹೊಡೆಯುತ್ತಿದ್ದ, ಕಳೆ ತೆಗೆಯಲು. ಸಾಲು ಮುಗಿದು ಬದುವಿಗೆ ಬಂದಾಗ ಎತ್ತು ತಿರುಗಿಸಲೇಬೇಕು. ಬಂದ, ಎತ್ತು ತಿರುಗಿಸಿದ, ಹೋದ. ಆ ತುದಿಗೆ ಹೋಗಿ ಮತ್ತೆ ಬರುವವರೆಗೆ ನಿಂತೇ ಇದ್ದೆ. ಅವನ ತಲೆಯೂ ಬೆಳ್ಳಗಾಗಿದೆ ಎಂಬುದನ್ನು ಹತ್ತಿರದಿಂದ ಅಂದೇ ನೋಡಿದ್ದು.

ಎರಡನೆಯ ಸಲ ಬಂದಾಗ ಟೇಪಿನ ಉಂಗುರವನ್ನು ಮುಂದೆ ಹಿಡಿದು ಎಲ್ಲವನ್ನೂ ಹೇಳಿದೆ. ಕತ್ತರಿಸಿದ ಒಂದಡಿ, ರಿವೆಟ್ಟು, ಪೈಪು. "ಟೇಪೇ ಸುಳ್ಳು ಇತ್ತು ಕಣೋ. ತಪ್ಪು ನಂದು" ಎಂದೆ. ಅವನು ಎತ್ತಿನ ಹಗ್ಗ ಹಿಡಿದು ನಿಂತು ಕೇಳಿದ. ಉಂಗುರವನ್ನು ನೋಡಲಿಲ್ಲ. ತಿರುಗಿಸಿಕೊಂಡು ಹೋದ.

ಮೂರನೆಯ ಸಲ ಬಂದು ನಿಂತ. ಎತ್ತುಗಳ ಬೆನ್ನು ಸವರುತ್ತ ಹೇಳಿದ:

"ನಂಗೆ ಗೊತ್ತಿತ್ತಣ್ಣಾ."

ನಾನು ಕೈಯಲ್ಲಿದ್ದ ಉಂಗುರವನ್ನು ನೋಡಿದೆ.

"ತುದಿ ಹಿಡ್ಕಂಡೋನು ನಾನೇ ಅಲ್ಲೇನು? ಉಂಗುರದ ಪಕ್ಕಕ್ಕೇ ಒಂದು ಅಂತ ಬರ್ದಿತ್ತು."

"ಮತ್ತೆ ಅವತ್ತೇ ಯಾಕ ಹೇಳ್ಲಿಲ್ಲ?"

"ನಾಕು ಮಂದಿ ಮುಂದೆ ನಿನ್ನ ಟೇಪು ಸುಳ್ಳು ಅಂತ ಹೆಂಗೆ ಹೇಳ್ಲಿ? ನಮ್ಮಣ್ಣ ಹರಿಹರದಾಗೆ ದೊಡ್ಡ ಫಿಟ್ಟರ್ರು ಅಂತ ಊರೆಲ್ಲ ಹೇಳ್ಕಂಡು ಬಂದೋನು ನಾನು. ಸಂಜಿಗೆ ಮನೀಗೆ ಬಂದಾಗ ಒಬ್ನಿಗೇ ಹೇಳಾನ ಅಂತ ಇದ್ದೆ." ಎತ್ತಿನ ಹಗ್ಗ ಸರಿಮಾಡಿಕೊಂಡ. "ಅಷ್ಟ್ರಾಗೆ ನೀನು ಆ ಮಾತು ಅಂದುಬಿಟ್ಟೆ. ಆಮ್ಯಾಲೆ ಹೇಳಾಕೆ ಏನಿತ್ತು?"

"ಬದು ಮೊದ್ಲಿದ್ದ ಕಡೀಗೆ ಹಾಕಾನ. ನಾನೇ ಅಗೀತೀನಿ" ಎಂದೆ.

"ಬ್ಯಾಡ. ಅಲ್ಲೇ ಇರ್ಲಿ. ನಾನು ಹಾಕಿದ ಬದು ಅದು, ಅದುಕ್ಕೆ ಕೈ ಹಚ್ಬ್ಯಾಡ" ಎಂದು ಎತ್ತುಗಳನ್ನು ತಿರುಗಿಸಿದ. ಅಂದು ಹೊಲ ಮುಗಿಯುವವರೆಗೆ ಇನ್ನೂ ಎಷ್ಟೋ ಸಲ ಬದುವಿಗೆ ಬಂದು ಹೋದ. ನಾನು ನಿಂತೇ ಇದ್ದೆ. ಅವನು ಮತ್ತೆ ಮಾತಾಡಲಿಲ್ಲ.

ಚಪ್ಪರ ಮುಗಿದಿದೆ. ಪಡಸಾಲೆಯ ಕಲ್ಲು ಕೂತಿದೆ, ಮಾಳಿಗೆ ಸೋರುವುದಿಲ್ಲ. ಗೋದಲಿಯ ಮೇಲೆ ಹಲಗೆ ಹಾಸಿ ನನ್ನ ಉಪಕರಣಗಳನ್ನು ಜೋಡಿಸಿಟ್ಟಿದ್ದೇನೆ. ನಾಲ್ಕು ಹಿರಿಯರಲ್ಲಿ ಇಬ್ಬರು ಈಗಿಲ್ಲ. ಉಳಿದಿಬ್ಬರ ಮನೆಗೆ ಹೋಗಿ, ತಪ್ಪು ನನ್ನ ಟೇಪಿನದು, ಅವನದಲ್ಲ ಎಂದು ಹೇಳಿಬಂದೆ. ಒಬ್ಬರಿಗೆ ನೆನಪೇ ಇರಲಿಲ್ಲ. ಸ್ಟೀಲ್ ಟೇಪಿನಲ್ಲಿ ಅಳೆದು ಬದುವಿನ ಈ ಕಡೆ ಮೂರಡಿಗೆ ಗೂಟ ಹೊಡೆದಿದ್ದೇನೆ. ನನ್ನ ಹೊಲ ಮಾಡುವವರಿಗೆ ಆ ಪಟ್ಟಿಯಲ್ಲಿ ಬಿತ್ತಬೇಡಿ ಎಂದಿದ್ದೇನೆ. ತಮ್ಮನೂ ಬಿತ್ತಿಲ್ಲ. ಎರಡೂ ಕಡೆ ಮೆಕ್ಕೆಜೋಳ ಎದೆಯುದ್ದ ನಿಂತಿದೆ, ನಡುವೆ ಅಷ್ಟಗಲ ಹುಲ್ಲು.

ಮುಂಬಾಗಿಲು ಈಗಲೂ ಚಿಲಕ ಹಾಕದಿದ್ದರೆ ತಾನಾಗಿ ತೆರೆದುಕೊಳ್ಳುತ್ತದೆ. ಮೇಲಿನ ತಿರುಗಣಿಯ ಕೆಳಗೆ ಒಂದು ತಗಡಿನ ಚೂರು ಕೊಟ್ಟರೆ ಅರ್ಧ ಗಂಟೆಯಲ್ಲಿ ಸರಿಹೋಗುವ ಕೆಲಸ. ತಗಡು ಕತ್ತರಿಸಿಯೂ ಇಟ್ಟಿದ್ದೇನೆ. ಆದರೆ ಹಗಲೆಲ್ಲ ಚಿಲಕ ಹಾಕದೆ ಒಳಗೆ ಕೂತಿರುತ್ತೇನೆ, ಚಹಾಕ್ಕೆ ಎರಡು ಲೋಟ ನೀರಿಡುತ್ತೇನೆ. ಬಾಗಿಲು ಕಿರ್ರೆಂದಾಗ ಎದ್ದು ಹೋಗಿ ನೋಡುತ್ತೇನೆ.